ಕಳೆದದ್ದು, ಮರಳಿ ಬಂದದ್ದು

1976ರ ಜನವರಿ 24ರಂದು ಬೆಳಗಾವಿ ಧರ್ಮಪ್ರಾಂತ್ಯದಿಂದ ಉತ್ತರ ಕನ್ನಡ ಜಿಲ್ಲೆಯನ್ನು ಬೇರ್ಪಡಿಸಿ ಕಾರವಾರ ಧರ್ಮಪ್ರಾಂತ್ಯವನ್ನು ಸ್ಥಾಪಿಸಲಾಯಿತು. ಅದಕ್ಕೀಗ ಐವತ್ತು ತುಂಬಿದೆ. ವಿಲಿಯಂ ಡಿಮೆಲ್ಲೊ, ಡೆರೆಕ್ ಫೆರ್ನಾಂಡಿಸ್, ಡುಮಿಂಗ್ ಡಾಯಸ್ ಎಂಬ ಮೂವರು ಬಿಷಪರನ್ನು ಅದು ಈವರೆಗೆ ಕಂಡಿದೆ. ಜಿಲ್ಲೆಯ ಗಡಿಯೇ ಧರ್ಮಪ್ರಾಂತ್ಯದ ಗಡಿಯೂ ಆದ್ದರಿಂದ ಕಾರವಾರ ಪೇಟೆಯ ಕೆಥೆಡ್ರಲ್ ಹೇಗೋ ಹಾಗೆಯೇ ಅಂಕೋಲಾ ತಾಲೂಕಿನ ಹಿಲ್ಲೂರೂ ಆ ನಕ್ಷೆಯ ಒಳಗೇ ಬರುತ್ತದೆ. ನಕ್ಷೆಯೊಳಗೆ ಬರುವವರೆಲ್ಲ ಕ್ರೈಸ್ತರಲ್ಲ. ಹಾಲಕ್ಕಿಗಳು, ನಾಡವರು, ಹವ್ಯಕರು, ಸಿದ್ದಿಗಳು, ಮೀನುಗಾರರು ತುಂಬಿದ ಈ ಸೀಮೆಯಲ್ಲಿ ಕ್ರೈಸ್ತರು ಸಣ್ಣ ಸಮುದಾಯ.

ಸುವರ್ಣ ಮಹೋತ್ಸವ ಬಂತೆಂದರೆ ಸ್ಮರಣ ಸಂಚಿಕೆ ಬರುತ್ತದೆ. ಕಟ್ಟಿದ ಚರ್ಚುಗಳೆಷ್ಟು, ತೆರೆದ ಶಾಲೆಗಳೆಷ್ಟು, ಔಷಧಾಲಯಗಳೆಷ್ಟು ಎಂಬ ಪಟ್ಟಿ ಅದರಲ್ಲಿರುತ್ತದೆ. ಆ ಪಟ್ಟಿ ಇರಲಿ, ಇರಬೇಕು. ಆದರೆ ಅದನ್ನೇ ಪ್ರಶ್ನೆಗೆ ಒಡ್ಡುವ ಹಳೆಯ ತಕರಾರೊಂದು ಕ್ರೈಸ್ತ ಧರ್ಮದ ಹೊಟ್ಟೆಯೊಳಗೇ ಇದೆ. ಮನುಷ್ಯ ಮಾಡಿದ ಒಳ್ಳೆಯ ಕೆಲಸಕ್ಕೆ ರಕ್ಷಣೆಯ ಲೆಕ್ಕದಲ್ಲಿ ಬೆಲೆಯುಂಟೆ? ಒಮ್ಮೆ ದಕ್ಕಿದ ರಕ್ಷಣೆ ಮುಂದೊಂದು ದಿನ ಕೈತಪ್ಪಬಹುದೆ? ಯುರೋಪು ಈ ಎರಡು ಪ್ರಶ್ನೆಗಳ ಮೇಲೆ ಒಡೆದುಹೋಯಿತು. ನಮ್ಮ ಕರಾವಳಿಯ ಚರ್ಚುಗಳು ಇವಕ್ಕೆ ಬಾಯಿಂದ ಒಂದು ಉತ್ತರ ಹೇಳಿದವು, ಕೈಯಿಂದ ಇನ್ನೊಂದು ಉತ್ತರ ಕೊಟ್ಟವು. ಐವತ್ತರ ಈ ಹೊತ್ತಿನಲ್ಲಿ ಹಿಂತಿರುಗಿ ನೋಡಿದರೆ ಕೈ ಕೊಟ್ಟ ಉತ್ತರವೇ ಹೆಚ್ಚು ಸರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

ತಕರಾರಿನ ಮೂಲ

ಬೈಬಲಿನಲ್ಲಿಯೇ ಎರಡೂ ಪಕ್ಷಕ್ಕೆ ಆಧಾರಗಳಿವೆ. ರಕ್ಷಣೆ ದೇವರ ದಾನ, ಅದು ಕ್ರಿಯೆಗಳಿಂದ ಬಂದದ್ದಲ್ಲ, ಆದ್ದರಿಂದ ಯಾರೂ ಹೆಚ್ಚಳಪಡುವಂತಿಲ್ಲ ಎನ್ನುತ್ತಾನೆ ಎಫೆಸದವರಿಗೆ ಬರೆದ ಪೌಲ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತಾನೆ ಯಾಕೋಬ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿಯಲಾರರು ಎಂಬ ಯೇಸುವಿನ ಭರವಸೆ ಯೋಹಾನನ ಸುವಾರ್ತೆಯಲ್ಲಿದೆ. ಬೆಳಕು ಕಂಡ ಮೇಲೂ ಬಿದ್ದುಹೋದವರನ್ನು ಮತ್ತೆ ಎಬ್ಬಿಸುವುದು ಅಸಾಧ್ಯವೆಂಬ ಕಠೋರ ಎಚ್ಚರಿಕೆ ಇಬ್ರಿಯರಿಗೆ ಬರೆದ ಪತ್ರದಲ್ಲಿದೆ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ಕಡೆಯ ತೀರ್ಪಿನಲ್ಲಂತೂ ನಂಬಿಕೆಯ ಮಾತೇ ಬರುವುದಿಲ್ಲ. ಹಸಿದವರಿಗೆ ಉಣಿಸಿದೆಯಾ, ಸೆರೆಯಲ್ಲಿದ್ದವರನ್ನು ನೋಡಹೋದೆಯಾ ಎಂಬುದಷ್ಟೇ ಅಲ್ಲಿನ ವಿಚಾರಣೆ.

1517ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ ದನಿ ಪೌಲನ ಪಕ್ಷದ್ದು. ಯಾಕೋಬನ ಪತ್ರದ ಬಗ್ಗೆ ಅವರಿಗೆ ಅಸಮಾಧಾನವೇ ಇತ್ತು. ಅದಕ್ಕೆ ರೋಮಿನ ಉತ್ತರ ಬಂದದ್ದು 1547ರ ಜನವರಿಯಲ್ಲಿ, ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ. ಮೊದಲ ಹೆಜ್ಜೆ ದೇವರ ವರಪ್ರಸಾದದ್ದೇ ಎಂದು ಅದು ಒಪ್ಪಿತು. ಆದರೆ ಮನುಷ್ಯ ಅದರೊಂದಿಗೆ ಸಹಕರಿಸಬೇಕು, ಸತ್ಕ್ರಿಯೆಗಳಿಂದ ಅದು ಬೆಳೆಯುತ್ತದೆ, ಮಾರಕ ಪಾಪದಿಂದ ಕಳೆದುಹೋಗುತ್ತದೆ, ಪಶ್ಚಾತ್ತಾಪದ ಸಂಸ್ಕಾರದಿಂದ ಮರಳಿ ಸಿಗುತ್ತದೆ ಎಂದು ವಿಧಿಸಿತು. ಕೊನೆಯವರೆಗೆ ತಾನು ನಿಲ್ಲುವೆನೆಂದು ಯಾರೂ ಖಚಿತವಾಗಿ ಹೇಳಿಕೊಳ್ಳುವಂತಿಲ್ಲ ಎಂಬ ಮಾತನ್ನೂ ಸೇರಿಸಿತು. ಪ್ರೊಟೆಸ್ಟೆಂಟರಲ್ಲೂ ಒಮ್ಮತ ಉಳಿಯಲಿಲ್ಲ. ದೇವರು ಆರಿಸಿದವನು ಕೊನೆಗೂ ಬೀಳಲಾರ ಎಂದು 1618–19ರ ಡಾರ್ಟ್ ಸಭೆ ಕ್ಯಾಲ್ವಿನನ ಅನುಯಾಯಿಗಳ ಪರ ತೀರ್ಪಿತ್ತಿತು. ಬೀಳಬಲ್ಲ, ಆದ್ದರಿಂದ ದಿನವೂ ಎಚ್ಚರವಿರಬೇಕು ಎಂದು ಮುಂದಿನ ಶತಮಾನದಲ್ಲಿ ಜಾನ್ ವೆಸ್ಲಿ ಬೋಧಿಸಿದರು.

ಕನ್ನಡ ಓದುಗನಿಗೆ ಈ ಜಗಳ ತೀರಾ ಹೊರಗಿನದಲ್ಲ. ಮೇಲುಕೋಟೆಯ ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳ ಚರ್ಚೆ ನಡೆದೇ ಬಂದಿದೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ತಬ್ಬಿ ಹಿಡಿಯಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಟ್ರೆಂಟ್ ಸಭೆಯನ್ನು ಮಂಗನ ಪಕ್ಷಕ್ಕೂ ಡಾರ್ಟ್ ಸಭೆಯನ್ನು ಬೆಕ್ಕಿನ ಪಕ್ಷಕ್ಕೂ ಸೇರಿಸಿದರೆ ಹೆಚ್ಚೇನೂ ತಪ್ಪಾಗದು. ತಬ್ಬಿದ ಕೈ ಜಾರಿದರೆ ಏನು ಗತಿ ಎಂಬ ಭಯ ಮೊದಲನೆಯದರಲ್ಲಿದೆ. ಕಚ್ಚಿ ಹಿಡಿದಿದ್ದಾಳಲ್ಲ, ಇನ್ನೇಕೆ ಚಿಂತೆ ಎಂಬ ಸಡಿಲ ಎರಡನೆಯದಕ್ಕೆ ಅಂಟಬಹುದು.

ಬಿದ್ದವರು ಎದ್ದದ್ದು

ಕೆನರಾದಲ್ಲಿ ಈ ಪ್ರಶ್ನೆ ಗ್ರಂಥ ಬಿಟ್ಟು ಬದುಕಿಗೆ ಇಳಿದದ್ದು 1784ರಲ್ಲಿ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ವಿಭೂತಿ ಬುಧವಾರದ ದಿನವೇ ಅದು ನಡೆಯಿತೆಂದು ಸಮುದಾಯದ ನೆನಪು ಹೇಳುತ್ತದೆ. ಸೆರೆಯಾದವರ ಸಂಖ್ಯೆಯಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಟಿಪ್ಪುವಿನ ಆಸ್ಥಾನದ ಬರಹ 60,000 ಎನ್ನುತ್ತದೆ. 27 ಚರ್ಚುಗಳು ನೆಲಸಮವಾದವೆಂದು ಕ್ರೈಸ್ತ ದಾಖಲೆಗಳು ಹೇಳುತ್ತವೆ. ಹದಿನೈದು ವರ್ಷದ ಸೆರೆಯಲ್ಲಿ ಹಲವರು ಸತ್ತರು, ಬಹಳಷ್ಟು ಜನ ಬಲವಂತಕ್ಕೆ ಮಣಿದು ಮತ ಬದಲಿಸಿದರು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಬದುಕುಳಿದವರು ಕರಾವಳಿಯ ದಾರಿ ಹಿಡಿದರು.

ಟಿಪ್ಪುವಿನ ಪರ–ವಿರೋಧದ ರಾಜಕೀಯ ಇಲ್ಲಿ ಬೇಡ. ನಮಗೆ ಮುಖ್ಯವಾದದ್ದು ಮರಳಿದವರ ಮುಂದಿದ್ದ ಪ್ರಶ್ನೆ. ಇವರು ಜ್ಞಾನಸ್ನಾನ ಪಡೆದವರು, ಪ್ರಾಣಭಯದಿಂದ ಕ್ರಿಸ್ತನನ್ನು ನಿರಾಕರಿಸಿದವರು. ಇವರ ರಕ್ಷಣೆ ಉಳಿಯಿತೋ ಹೋಯಿತೋ? ಆದಿ ಚರ್ಚಿನಲ್ಲೂ ಇದೇ ಬಿಕ್ಕಟ್ಟು ಎದುರಾಗಿತ್ತು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಕೊಡಬೇಕೆಂದು ಆಜ್ಞಾಪಿಸಿದಾಗ ಕೆಲವರು ಬಲಿ ಕೊಟ್ಟರು, ಕೆಲವರು ಹಣ ತೆತ್ತು ಬಲಿ ಕೊಟ್ಟಂತೆ ಸರ್ಟಿಫಿಕೇಟು ಮಾಡಿಸಿಕೊಂಡರು. ಕಿರುಕುಳ ತಗ್ಗಿದ ಮೇಲೆ ಅವರು ಚರ್ಚಿನ ಬಾಗಿಲಿಗೆ ಬಂದರು. ಅವರಿಗೆ ಕ್ಷಮೆಯಿಲ್ಲ ಎಂದ ರೋಮಿನ ನೊವೇಷಿಯನ್. ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಕರೆದುಕೊಳ್ಳಬೇಕು ಎಂದ ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಚರ್ಚು ಹಿಡಿದದ್ದು ಸಿಪ್ರಿಯನ್ನನ ದಾರಿ.

ಶ್ರೀರಂಗಪಟ್ಟಣದಲ್ಲಿ ಆ ಕೆಲಸ ಬಿದ್ದದ್ದು ಫ್ರಾನ್ಸಿನ ಪಾದ್ರಿ ಅಬ್ಬೆ ದುಬುವಾ ಅವರ ಹೆಗಲಿಗೆ. 1792ರಲ್ಲಿ ಭಾರತಕ್ಕೆ ಬಂದ ಅವರನ್ನು ಮೈಸೂರು ಸೀಮೆಯ ಜನ ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಬರಹಗಾರರಾಗಿ ಅವರು ಕಟುವಾದಿ. ಸೆರೆಯಾದ ಸಾವಿರಾರು ಜನರಲ್ಲಿ ತನ್ನ ನಂಬಿಕೆಯನ್ನು ಧೈರ್ಯದಿಂದ ಸಾರಿ ಹುತಾತ್ಮನಾದವನು ಒಬ್ಬನೂ ಇರಲಿಲ್ಲವೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ನೊಂದು ಬರೆದರು. ಆದರೆ ಪಾದ್ರಿಯಾಗಿ ಅವರು ಮಾಡಿದ್ದು ಬೇರೆ. ಮತ ಬಿಡಬೇಕಾಗಿ ಬಂದಿದ್ದ ಸುಮಾರು 1,800 ಮಂದಿಯನ್ನು ಅವರೇ ಮತ್ತೆ ಸಭೆಗೆ ಸೇರಿಸಿಕೊಂಡರು. ಕ್ಯಾಥೋಲಿಕ್ ನಿಯಮದಂತೆ ಜ್ಞಾನಸ್ನಾನ ಒಂದೇ ಸಲ, ಅದರ ಮುದ್ರೆ ಅಳಿಯುವುದಿಲ್ಲ. ಹೀಗಾಗಿ ಮರಳಿದವನು ಹೊಸಬನಲ್ಲ, ಮನೆಯವನೇ. ವರಪ್ರಸಾದ ಕಳೆದಿರಬಹುದು, ನೆಂಟಸ್ತಿಕೆ ಕಳೆದಿರುವುದಿಲ್ಲ. ದುಬುವಾ ಅಲ್ಲಿಗೇ ನಿಲ್ಲಲಿಲ್ಲ. ಬೀದಿಗೆ ಬಿದ್ದವರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಸಿಡುಬಿನ ಲಸಿಕೆಗೆ ಜನ ಇನ್ನೂ ಹೆದರುತ್ತಿದ್ದ 1803–04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದರು. ಲಸಿಕೆ ಹಾಕುವಾಗ ಯಾರ ಮತ ಯಾವುದೆಂದು ಕೇಳುವ ಅಗತ್ಯ ಇರಲಿಲ್ಲ.

ಇದಕ್ಕೂ ನೂರು ವರ್ಷ ಹಿಂದೆ ಕೆನರಾ ಇನ್ನೊಂದು ಬಗೆಯ ದಿಗಿಲು ಕಂಡಿತ್ತು. ಪೋರ್ಚುಗಲ್ ದೊರೆಯ ಅಧಿಕಾರಕ್ಕೆ ಒಳಪಟ್ಟ ಪಾದ್ರಿಗಳು ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಬಿಷಪ್ ಥೋಮಸ್ ದ ಕಾಸ್ತ್ರೊ ಇನ್ನೊಂದು ಕಡೆ. ಯಾರಿಂದ ಪಡೆದ ಸಂಸ್ಕಾರ ಸಲ್ಲುತ್ತದೆ, ಯಾರಿಂದ ಪಡೆದರೆ ಬಹಿಷ್ಕಾರ ಎಂದು ತಿಳಿಯದೆ ಜನ ಕಂಗಾಲಾಗಿದ್ದರು. ಗೋವಾದ ಜೋಸೆಫ್ ವಾಜ್ 1681ರಿಂದ 1684ರವರೆಗೆ ಇಲ್ಲಿದ್ದು ಊರೂರು ತಿರುಗಿ ಆ ಬಿರುಕಿಗೆ ಮುಲಾಮು ಹಚ್ಚಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಈ ವಾಜರನ್ನು ಸಂತರೆಂದು ಘೋಷಿಸಿದರು. ಅಧಿಕಾರಿಗಳ ಜಗಳದಲ್ಲಿ ಬಡವನ ರಕ್ಷಣೆ ಒತ್ತೆಯಾಗಬಾರದು ಎಂಬ ಪಾಠವನ್ನು ಕರಾವಳಿ ಅಷ್ಟು ಹಿಂದೆಯೇ ಕಲಿತಿತ್ತು.

ಕೃಪೆಯವರ ಕಾರ್ಖಾನೆ

1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಇವರು ಲೂಥರನ ಹಾದಿಯ ಭಕ್ತಿಪಂಥದವರು. ರಕ್ಷಣೆ ಕೇವಲ ಕೃಪೆಯಿಂದ, ಕೇವಲ ನಂಬಿಕೆಯಿಂದ ಎಂಬುದು ಇವರ ಬೋಧನೆ. ಹಾಗಿದ್ದರೆ ಕ್ರಿಯೆಗಳ ಗೊಡವೆ ಇವರಿಗೆ ಕಡಿಮೆ ಇರಬೇಕಿತ್ತು. ನಡೆದದ್ದು ಇದಕ್ಕೆ ತೀರಾ ವಿರುದ್ಧ. ಸಭೆಯ ಶಿಸ್ತಿನಲ್ಲಿ ಇವರಷ್ಟು ಬಿಗಿಯಾಗಿದ್ದವರು ಕಡಿಮೆ. ಕುಡಿದರೆ, ಕೋಲ–ನೇಮಕ್ಕೆ ಹೋದರೆ ಹಿರಿಯರ ಸಭೆ ವಿಚಾರಿಸುತ್ತಿತ್ತು. ತಪ್ಪೊಪ್ಪುವವರೆಗೆ ಕರ್ತನ ಭೋಜನದಿಂದ ದೂರ ಇಡುತ್ತಿತ್ತು. ಸೇಂದಿ ಇಳಿಸುವುದು ಕ್ರೈಸ್ತನಿಗೆ ತಕ್ಕ ಕಸುಬಲ್ಲ ಎಂದದ್ದರಿಂದ ಮತಾಂತರಗೊಂಡ ಬಿಲ್ಲವರ ಅನ್ನಕ್ಕೇ ಕುತ್ತು ಬಂತು. ಜಾತಿಯವರು ಹೊರಹಾಕಿದರು, ಒಕ್ಕಲು ತಪ್ಪಿತು.

ಆ ಅನ್ನದ ಪ್ರಶ್ನೆಗೆ ಮಿಷನ್ ಕೊಟ್ಟ ಉತ್ತರವೇ ಕರಾವಳಿಯ ಮೊದಲ ಕೈಗಾರಿಕೆ. 1841ರಲ್ಲಿ ಛಾಪಖಾನೆ ಬಂತು, ಆಮೇಲೆ ನೇಯ್ಗೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಹದಗೊಳಿಸಿ, ಅಚ್ಚಿಗೆ ಒತ್ತಿ, ಗೂಡಿನಲ್ಲಿ ಸುಟ್ಟ ಹೆಂಚು ಹಡಗು ಹತ್ತಿ ದೂರದ ಬಂದರುಗಳಿಗೆ ಹೋಯಿತು. ಮುಳಿಹುಲ್ಲಿನ ಮಾಡುಗಳು ಹೆಂಚಿನ ಮಾಡುಗಳಾದವು. ಛಾಪಖಾನೆಯಿಂದ 1843ರಲ್ಲಿ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಬಂತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಕ್ರಿಯೆಯಿಂದ ರಕ್ಷಣೆಯಿಲ್ಲ ಎಂದು ಬೋಧಿಸಿದವರು ಕನ್ನಡ ನಾಡಿಗೆ ಬಿಟ್ಟುಹೋದದ್ದು ಎಂದೂ ಮುಗಿಯದ ಕ್ರಿಯೆಯ ಭಂಡಾರವನ್ನು. ಇದನ್ನು ಇಬ್ಬಂದಿತನ ಎಂದು ಹಳಿಯಬೇಕಾಗಿಲ್ಲ. ಕೃಪೆ ಪುಕ್ಕಟೆ ಸಿಕ್ಕಿದೆಯೆಂದು ಮನಸಾರೆ ನಂಬಿದವನಿಗೆ ಕೈಕಟ್ಟಿ ಕೂರಲಾಗುವುದಿಲ್ಲ ಎಂಬುದಷ್ಟೇ ಇದರ ಅರ್ಥ.

ಹೀಗೆ ಕರಾವಳಿಯ ಎರಡು ಪರಂಪರೆಗಳೂ ತಮ್ಮ ಸಿದ್ಧಾಂತದ ಗೆರೆಯನ್ನು ತಾವೇ ದಾಟಿದವು. ರಕ್ಷಣೆ ಕಳೆದುಹೋಗುತ್ತದೆಂದು ಹೆದರಿಸಿದ ಕ್ಯಾಥೋಲಿಕರು ಬಿದ್ದ ಸಾವಿರಾರು ಜನರನ್ನು ಎಬ್ಬಿಸಿ ಕೂರಿಸಿಕೊಂಡರು. ಕೃಪೆಯೊಂದೇ ಸಾಕೆಂದ ಪ್ರೊಟೆಸ್ಟೆಂಟರು ದುಡಿದು ಬೆವರಿಳಿಸಿದರು. ಯುರೋಪಿನ ದೇವಶಾಸ್ತ್ರಜ್ಞರು ಇದೇ ಜಾಗಕ್ಕೆ ತಲುಪಿದ್ದು 1999ರ ಅಕ್ಟೋಬರ್ 31ರಂದು. ಆಗ್ಸ್‌ಬರ್ಗ್ ನಗರದಲ್ಲಿ ಕ್ಯಾಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಸ್ವೀಕಾರವೇ ನಮ್ಮನ್ನು ಸತ್ಕ್ರಿಯೆಗೆ ಅಣಿಗೊಳಿಸುತ್ತದೆ ಎಂಬುದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಚರ್ಚುಗಳು ಅದನ್ನು ಒಪ್ಪಿಕೊಂಡವು.

ಐವತ್ತರ ಲೆಕ್ಕ

ಕಾರವಾರ ಧರ್ಮಪ್ರಾಂತ್ಯ ಹುಟ್ಟಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ಗಾಳಿ ಬೀಸುತ್ತಿದ್ದ ಕಾಲದಲ್ಲಿ. 1964ರ ನವೆಂಬರಿನಲ್ಲಿ ಆ ಸಭೆ ಹೊರಡಿಸಿದ ಚರ್ಚಿನ ಸಂವಿಧಾನದಲ್ಲಿ ಎರಡು ಮಾತುಗಳು ಹತ್ತಿರ ಹತ್ತಿರವೇ ಇವೆ. ಚರ್ಚಿನ ಒಳಗಿದ್ದರೂ ಪ್ರೀತಿಯಲ್ಲಿ ನೆಲೆನಿಲ್ಲದವನಿಗೆ ರಕ್ಷಣೆಯಿಲ್ಲ ಎಂಬುದು ಒಂದು. ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವನು ಮನಃಸಾಕ್ಷಿಗೆ ಅನುಸಾರವಾಗಿ ದೇವರನ್ನು ಅರಸಿದರೆ ಅವನೂ ರಕ್ಷಣೆ ಹೊಂದಬಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಉತ್ತರ ಕನ್ನಡಕ್ಕೆ ಅನ್ವಯಿಸಿ ನೋಡಿ. ಕಾರವಾರದಲ್ಲಿ ತಪ್ಪದೆ ಪೂಜೆಗೆ ಹೋಗುವ ಕ್ಯಾಥೋಲಿಕ ತನ್ನ ರಕ್ಷಣೆಯನ್ನು ಕಳೆದುಕೊಳ್ಳಬಹುದು. ಚರ್ಚಿನ ಮೆಟ್ಟಿಲನ್ನೇ ಹತ್ತದ ಹಿಲ್ಲೂರಿನ ಹಾಲಕ್ಕಿ ಅಜ್ಜಿ ಅದನ್ನು ಪಡೆಯಬಹುದು. ಸಂಖ್ಯೆಯಲ್ಲಿ ಸಣ್ಣದಾದ ಧರ್ಮಪ್ರಾಂತ್ಯಕ್ಕೆ ಇದಕ್ಕಿಂತ ದೊಡ್ಡ ಬಿಡುಗಡೆ ಬೇರೆ ಬೇಕೆ? ತಲೆ ಎಣಿಸುವ ಆತುರ ಇಲ್ಲದೆ ಕೆಲಸ ಮಾಡುವ ಸ್ವಾತಂತ್ರ್ಯ ಅದು.

ಈ ಸ್ವಾತಂತ್ರ್ಯ ಚೆನ್ನಾಗಿ ಬಳಕೆಯಾದ ಕಡೆಗಳಿವೆ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಹಿರಿಯರನ್ನು ಪೂಜಿಸುವ ಸಿದ್ದಿನಾಸ್ ಎಂಬ ತಾಣದ ಮುಂದೆ ಮೂರು ಮತದವರೂ ಕೂಡುತ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ಆಧಾರವಾದದ್ದು ಮತವಲ್ಲ, ಬುಡಕಟ್ಟು. ಸಿದ್ದಿಗಳ ನಡುವೆ ದುಡಿದ ಚರ್ಚಿನ ಸಂಸ್ಥೆಗಳಿಗೆ ಇದರಲ್ಲೊಂದು ಒಳನೋಟವಿದೆ. ಜನ ಒಟ್ಟಾಗಿ ಎದ್ದು ನಿಂತಾಗ ಅದರಲ್ಲಿ ಯಾರ ಪಾಲು ಎಷ್ಟು ಎಂದು ಕೇಳುವವರಿಲ್ಲ.

ನಷ್ಟದ ಪುಟವನ್ನೂ ತಿರುವಬೇಕು. ಕ್ರಿಯೆ ಎಂಬುದು ಸಂಸ್ಥೆಯಾಗಿ ಗಟ್ಟಿಯಾದಾಗ ಅದಕ್ಕೆ ಫೀಸು ಬಂತು, ಸೀಟಿನ ಪೈಪೋಟಿ ಬಂತು. ಕಾನ್ವೆಂಟ್ ಶಾಲೆ ಎಂದರೆ ಬಡವರ ಮಕ್ಕಳ ಶಾಲೆ ಎಂಬ ಭಾವನೆ ಪೇಟೆಗಳಲ್ಲಿ ಉಳಿದಿಲ್ಲ. ಜಾತಿಯೂ ಚರ್ಚಿನ ಒಳಗೇ ಉಳಿಯಿತು. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೋಲಿಕ್ ಬಿಷಪರ ಸಮ್ಮೇಳನ ಹೊರತಂದ ದಲಿತ ಸಬಲೀಕರಣ ನೀತಿ, ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ದೇಶದ 1.9 ಕೋಟಿ ಕ್ಯಾಥೋಲಿಕರಲ್ಲಿ 1.2 ಕೋಟಿ ಮಂದಿ ದಲಿತರು ಎಂದೂ ಅದು ಹೇಳಿತು. ಮತ್ತಾಯನ ತೀರ್ಪಿನ ಪ್ರಕಾರ ನೋಡಿದರೆ ರಕ್ಷಣೆ ಕಳೆದುಹೋಗುವುದು ಇಂಥಲ್ಲಿಯೇ. ಒಬ್ಬ ಸೆರೆಯಾಳು ಕತ್ತಿಯಂಚಿನಲ್ಲಿ ನಿಂತು ಇಲ್ಲವೆಂದದ್ದಕ್ಕಿಂತ ಇದು ದೊಡ್ಡ ನಿರಾಕರಣೆ.

ಹೊರಗಿನಿಂದಲೂ ಕ್ರಿಯೆಗಳ ಮೇಲೆ ಸಂಶಯ ಬಿತ್ತು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷ ಎಂಬುದರ ವ್ಯಾಖ್ಯೆಯಲ್ಲಿ ಉದ್ಯೋಗವನ್ನೂ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣವನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಕಾಯ್ದೆ ತಪ್ಪೆಂದು ನಾವು ಆಗಲೂ ಹೇಳಿದ್ದೆವು, ಈಗಲೂ ಹೇಳುತ್ತೇವೆ. ಬಡ ಹುಡುಗಿಗೆ ಪಾಠ ಹೇಳುವುದು ಅಪರಾಧದ ಸಾಕ್ಷ್ಯವಾಗಬಾರದು. ಆದರೆ ಆ ಸಂಶಯಕ್ಕೆ ಚರ್ಚು ಕೊಡಬಹುದಾದ ಅತ್ಯುತ್ತಮ ಉತ್ತರ ಕೋರ್ಟಿನಲ್ಲಿಲ್ಲ, ಅದರ ಸ್ವಂತ ನಂಬಿಕೆಯಲ್ಲೇ ಇದೆ. ಕೃಪೆ ಪುಕ್ಕಟೆ ಎಂದು ನಂಬುವವನ ಸೇವೆಯೂ ಪುಕ್ಕಟೆಯೇ ಇರಬೇಕು. ಅದಕ್ಕೆ ಪ್ರತಿಫಲವಾಗಿ ಮತಾಂತರವನ್ನೂ ಕೇಳುವಂತಿಲ್ಲ, ಸ್ವರ್ಗವನ್ನೂ ಕೇಳುವಂತಿಲ್ಲ.

ಈ ಅರ್ಧ ಶತಮಾನದಲ್ಲಿ ಪ್ರಾರ್ಥನಾ ಕೂಟಗಳೂ ಊರೂರಿಗೆ ಬಂದವು. ರಕ್ಷಣೆ ಹೊಂದಿದ ದಿನ, ತಾಸು ಎಲ್ಲವನ್ನೂ ಅಲ್ಲಿ ಸಾಕ್ಷಿ ಹೇಳುತ್ತಾರೆ. ಕೆಲವು ಕೂಟಗಳಲ್ಲಿ ಅದು ಶಾಶ್ವತ. ಪೆಂತೆಕೋಸ್ತರ ಹಲವು ಸಭೆಗಳಲ್ಲಿ ಹಿಂಜಾರಿದವರಿಗೆ ಅದು ಕಳೆದುಹೋಗುತ್ತದೆ. ಅತ್ತ ಹೋದ ಕ್ಯಾಥೋಲಿಕರನ್ನು ಮೂಲ ಚರ್ಚಿನವರು ಕೆಟ್ಟುಹೋದರು ಎನ್ನುತ್ತಾರೆ, ಹೋದವರು ಇವರನ್ನು ಇನ್ನೂ ರಕ್ಷಣೆ ಕಾಣದವರು ಎನ್ನುತ್ತಾರೆ. ಒಂದೇ ಮನೆಯ ಅಣ್ಣತಮ್ಮಂದಿರು ಹಬ್ಬದೂಟಕ್ಕೆ ಒಟ್ಟಿಗೆ ಕೂರದಂತಾದ ಉದಾಹರಣೆಗಳಿವೆ. ಕಾಸ್ತ್ರೊ ಕಾಲದ ಜಗಳವನ್ನೇ ಹೊಸ ಹೆಸರಲ್ಲಿ ಆಡುತ್ತಿದ್ದೇವೆ ಎಂಬುದು ಇಬ್ಬರಿಗೂ ತಿಳಿದಂತಿಲ್ಲ.

ಇಂಥ ಗೆರೆಗಳು ಅಳಿಸಿಹೋದ ಗಳಿಗೆಯನ್ನೂ ಜಿಲ್ಲೆ ಕಂಡಿದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66ರ ಪಕ್ಕದ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿಗಳು ಗಂಗಾವಳಿಗೆ ಬಿದ್ದವು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಕೆಸರು ತುಂಬಿದ ಹೊಳೆಯ ಸೆಳೆತಕ್ಕೆ ಮುಳುಗುಗಾರ ಈಶ್ವರ್ ಮಲ್ಪೆ ಮತ್ತವರ ಸಂಗಡಿಗರು ಮತ್ತೆ ಮತ್ತೆ ಇಳಿದರು. ಗೋವಾದಿಂದ ಡ್ರೆಜ್ಜರ್ ತರಿಸಲಾಯಿತು. ಕೇರಳದ ಚಾಲಕನ ಲಾರಿಯೂ ಶವವೂ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಬದುಕಿ ಸಿಗುವ ಆಸೆ ಆರಿದ ಮೇಲೂ ಎರಡು ತಿಂಗಳು ಹುಡುಕಿದರು. ಹುಡುಕಿದವರು ಯಾವ ಮತದವರೆಂದು ಜಿಲ್ಲೆಯಲ್ಲಿ ಯಾರೂ ಲೆಕ್ಕ ಇಡಲಿಲ್ಲ. ಕ್ರಿಯೆ ಎಂದರೇನು ಎಂದು ಬೋಧಿಸಹೊರಡುವ ಯಾವ ಪಾದ್ರಿಗೂ ಪಾಸ್ಟರಿಗೂ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಮುಂದಿನ ಐವತ್ತಕ್ಕೆ ನಮ್ಮ ಮಾತು ಮೂರು. ಮೊದಲನೆಯದು, ಚರ್ಚು ಬಿಟ್ಟವರು, ಬೇರೆ ಮತದಲ್ಲಿ ಮದುವೆಯಾದವರು, ಕೂಟಗಳಿಗೆ ಹೋದವರು, ಜಗಳವಾಡಿ ದೂರ ಉಳಿದವರು ಮರಳಲು ಬಯಸಿದರೆ ಪ್ರಶ್ನಾವಳಿ ಹಿಡಿದು ಬಾಗಿಲಲ್ಲಿ ನಿಲ್ಲಬಾರದು. 1799ರಲ್ಲಿ ಮರಳಿದವರಿಗೆ ತೋರಿದ ಔದಾರ್ಯ ಇವರಿಗೂ ಸಲ್ಲಬೇಕು. ಕುಮ್ಸಾರಿನ, ಎಂದರೆ ಪಾಪನಿವೇದನೆಯ, ಪೀಠ ಇರುವುದು ಅದಕ್ಕೇ. ಎರಡನೆಯದು, ಧರ್ಮಪ್ರಾಂತ್ಯದ ಶಾಲೆಗಳಲ್ಲಿ ಬಡವರ ಮಕ್ಕಳೆಷ್ಟು, ಸಿದ್ದಿಗಳ, ಹಾಲಕ್ಕಿಗಳ ಮಕ್ಕಳೆಷ್ಟು ಎಂಬುದನ್ನು ಪ್ರತಿ ವರ್ಷ ಜನರ ಮುಂದಿಡಬೇಕು. ಕ್ರಿಯೆಗಳು ನಂಬಿಕೆಯ ಗುರುತಾದರೆ ಗುರುತನ್ನು ಮುಚ್ಚಿಡುವುದೇಕೆ? ಮೂರನೆಯದು, ಚರ್ಚಿನೊಳಗಿನ ಜಾತಿಯನ್ನು ಪಾಪನಿವೇದನೆಯ ಪಟ್ಟಿಗೆ ಸೇರಿಸಬೇಕು.

ರಕ್ಷಣೆ ಕಳೆದುಹೋಗಬಹುದೆ ಎಂಬ ಪ್ರಶ್ನೆಗೆ ಕೆನರಾದ ಇತಿಹಾಸ ಕೊಡುವ ಉತ್ತರ ಸ್ಪಷ್ಟವಾಗಿದೆ. ಕಳೆದುಹೋಗಬಹುದು, ಮರಳಿಯೂ ಸಿಗಬಹುದು, ಆ ಮರಳುವ ದಾರಿಗೆ ಗೇಟು ಹಾಕುವ ಅಧಿಕಾರ ಪಾದ್ರಿಗೂ ಇಲ್ಲ, ಪಾಸ್ಟರಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಕ್ರಿಯೆಗಳಿಂದ ಅದನ್ನು ಕೊಳ್ಳಲಾಗದು. ಆದರೆ ಅದು ಸಿಕ್ಕಿದೆಯೆಂದು ಹೇಳಿಕೊಳ್ಳುವವನ ಊರಿನಲ್ಲಿ ಹಸಿದವರು ಹಸಿದೇ ಉಳಿದರೆ, ಅವನ ಮಾತನ್ನು ಊರು ನಂಬಬೇಕಾಗಿಲ್ಲ.